ಅಕ್ಕಾ, ಅದು ಕೊಲೆಗಾರರ ಊರಂತಲ್ಲಾ?

ಹೋದ ವಾರ ರಾತ್ರಿ ಪಾಳಿ ಮುಗಿಸಿ ಬಂದು, ಅನ್ನಕ್ಕಿಟ್ಟು ಫೋನ್ ತೆಗೆದೆ. ವಾಟ್ಸಾಪ್‌ನಲ್ಲಿ ಹನ್ನೊಂದು ಮೆಸೇಜು. ಎಲ್ಲವೂ ಒಬ್ಬಳದೇ. ನರ್ಸಿಂಗ್ ಕಾಲೇಜಿನಲ್ಲಿ ನನಗಿಂತ ನಾಲ್ಕು ವರ್ಷ ಕಿರಿಯಳು, ತಿಪಟೂರಿನ ಹುಡುಗಿ. ಅವಳಿಗೂ ಈಗ ನಾನಿರುವ ಊರಲ್ಲೇ ಕೆಲಸ ಸಿಕ್ಕಿದೆ. ಆಫರ್ ಲೆಟರ್ ಬಂದ ಖುಷಿಯಲ್ಲಿ ಊರಿನ ಹೆಸರು ಹಾಕಿ ಗೂಗಲ್ ಮಾಡಿದ್ದಾಳೆ. ಖುಷಿ ಅಲ್ಲಿಗೇ ಮುಗಿದಿದೆ.

“ಅಕ್ಕಾ, ಅದು ಕೊಲೆಗಾರರ ಊರಂತಲ್ಲಾ? ಅಪ್ಪ ಹೋಗೋದೇ ಬೇಡ ಅಂತಿದ್ದಾರೆ.”

“ಏನೂ ಇಲ್ಲ ಕಣೇ, ಸುಮ್ನೆ ಬಾ” ಅಂತ ಟೈಪ್ ಮಾಡಿದೆ. ಕಳಿಸಲಿಲ್ಲ, ಅಳಿಸಿದೆ. ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಹೌದು ಅಂದರೆ ಅದಕ್ಕಿಂತ ದೊಡ್ಡ ಸುಳ್ಳು. ಕುಕ್ಕರ್ ಮೂರು ಸಲ ಕೂಗಿದರೂ ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಲಿಂಕ್ ಅವಳಿಗೆ ಕಳಿಸುತ್ತೇನೆ, ಅವಳ ಅಪ್ಪನೂ ಓದಲಿ.

ಊರು ಬಾಸ್ಟನ್. ಅಮೆರಿಕದ್ದಲ್ಲ, ಅದಕ್ಕೆ ಹೆಸರು ಕೊಟ್ಟ ಹಳೆಯ ಬಾಸ್ಟನ್. ಇಂಗ್ಲೆಂಡಿನ ಪೂರ್ವ ಭಾಗದ ಲಿಂಕನ್‌ಶೈರ್‌ನಲ್ಲಿದೆ. ಸುತ್ತಲಿನ ಹಳ್ಳಿಗಳೂ ಸೇರಿ 2021ರ ಜನಗಣತಿಯಲ್ಲಿ ಸುಮಾರು 70 ಸಾವಿರ ಜನ. ನೆಲ ದೋಸೆಕಲ್ಲಿನ ಹಾಗೆ ಚಪ್ಪಟೆ. ಎಲ್ಲಿ ನಿಂತರೂ ಸೇಂಟ್ ಬೊಟಾಲ್ಫ್ ಚರ್ಚಿನ ಗೋಪುರ ಕಾಣುತ್ತದೆ, 80 ಮೀಟರಿಗೂ ಎತ್ತರ. ಇಲ್ಲಿಯವರು ಅದನ್ನು ಸ್ಟಂಪ್ ಅಂತ ಕರೆಯುತ್ತಾರೆ, ಅಂದರೆ ಮೋಟು ಮರ! ಬುಧವಾರ, ಶನಿವಾರ ಸಂತೆ. ಸುತ್ತ ಕೋಸು, ಹೂಕೋಸಿನ ಹೊಲಗಳು. ಅದನ್ನು ಕೀಳಲು, ತೊಳೆಯಲು, ಪ್ಯಾಕ್ ಮಾಡಲು ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ, ರೊಮೇನಿಯಾ ಕಡೆಯಿಂದ ಬಂದ ಜನ. 2016ರ ಬ್ರೆಕ್ಸಿಟ್ ಮತದಾನದಲ್ಲಿ ಯುರೋಪ್ ಒಕ್ಕೂಟದಿಂದ ‘ಹೊರಗೆ ಹೋಗೋಣ’ ಅಂತ ಇಡೀ ದೇಶದಲ್ಲೇ ಅತಿ ಹೆಚ್ಚು ಪ್ರಮಾಣದಲ್ಲಿ ಅಂದದ್ದು ಇದೇ ಊರು, 75.6%. ನಾನು ಬಂದದ್ದು 2021ರಲ್ಲಿ, ಅರಸೀಕೆರೆಯಿಂದ. ನಮ್ಮ ಮನೆಯವರು ಆರು ತಿಂಗಳು ತಡವಾಗಿ ಬಂದರು. ಅವರು ಈಗ ತರಕಾರಿ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಸಂಜೆ ಆರರಿಂದ ರಾತ್ರಿ ಎರಡರವರೆಗೆ ಕೆಲಸ ಮಾಡುತ್ತಾರೆ.

ಈ ‘ಕೊಲೆಗಾರರ ಊರು’ ಅನ್ನೋ ಮಾತು 2016ರ ಜನವರಿಯದು. ಜನಸಂಖ್ಯೆಗೆ ಹೋಲಿಸಿದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೊಲೆ ಪ್ರಮಾಣ ಎಲ್ಲಕ್ಕಿಂತ ಜಾಸ್ತಿ ಇಲ್ಲೇ ಅಂತ ಪತ್ರಿಕೆಗಳು ಬರೆದವು. ತಲೆಬರಹ ಅಂತರ್ಜಾಲದಲ್ಲಿ ಈಗಲೂ ಹಾಗೇ ಕೂತಿದೆ. ಒಳಗೆ ಓದಿದರೆ ಅದು ಬರೀ ಕೊಲೆಯ ಲೆಕ್ಕವಲ್ಲ. ಕೊಲೆ ಮತ್ತು ಕೊಲೆಯತ್ನ ಎರಡನ್ನೂ ಕೂಡಿಸಿದ ಲೆಕ್ಕ. ಕೂಡಿಸಿದ್ದು ತಪ್ಪು ಅಂತಲ್ಲ. ಆದರೆ ತಲೆಬರಹ ಓದಿದವರ ಕಣ್ಣಿಗೆ ಕಾಣುವುದು ಹೆಣ ಮಾತ್ರ, ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋದವನು ಕಾಣುವುದಿಲ್ಲ.

ಅದೂ ಅಲ್ಲದೆ, ಕೊಲೆಯತ್ನ ಅನ್ನೋದು ಎಷ್ಟು ಸಡಿಲ ಪದ ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಊರಲ್ಲಿ ಹೊಡೆದಾಟ ಆದರೆ ‘307 ಹಾಕ್ತಾರಾ, 324 ಹಾಕ್ತಾರಾ’ ಅಂತ ಠಾಣೆ ಮುಂದೆ ಗುಂಪು ಸೇರುತ್ತಿತ್ತಲ್ಲ, ಹಾಗೇ. (307 ಅಂದರೆ ಕೊಲೆಯತ್ನ, 324 ಅಂದರೆ ಆಯುಧದಿಂದ ಗಾಯ ಮಾಡಿದ್ದು. ಈಗ ಕಾನೂನಿನ ಹೆಸರೂ ನಂಬರೂ ಬದಲಾಗಿವೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ 307.) ಇಲ್ಲಿಯೂ ಚಾಕು ಹಾಕಿದ ಪ್ರಕರಣವನ್ನು ಕೊಲೆಯತ್ನ ಅಂತ ಬರೆದುಕೊಳ್ಳಬಹುದು, ತೀವ್ರ ಗಾಯ ಮಾಡಿದ ಅಪರಾಧ ಅಂತಲೂ ಬರೆದುಕೊಳ್ಳಬಹುದು. ಕೊಲ್ಲುವ ಉದ್ದೇಶ ಇತ್ತು ಅನ್ನಲು ಆಧಾರ ಇದೆಯಾ ಅನ್ನುವುದರ ಮೇಲೆ ಅದು ನಿಲ್ಲುತ್ತದೆ. ಡ್ರೆಸ್ಸಿಂಗ್ ಮಾಡುವ ನನಗೆ ಎರಡೂ ಒಂದೇ ಗಾಯ.

ಇನ್ನು ಲೆಕ್ಕಕ್ಕೆ ಬನ್ನಿ. ಆಗ ಇಲ್ಲಿನ ಜನಸಂಖ್ಯೆ ಸುಮಾರು 65 ಸಾವಿರ. ಇಡೀ ಇಂಗ್ಲೆಂಡ್ ಮತ್ತು ವೇಲ್ಸ್ ತೆಗೆದುಕೊಂಡರೆ ವರ್ಷಕ್ಕೆ ಲಕ್ಷ ಜನಕ್ಕೆ ಸುಮಾರು ಒಂದು ಕೊಲೆ. 65 ಸಾವಿರದ ಊರಲ್ಲಿ ವರ್ಷಕ್ಕೆ ಒಂದೇ ಒಂದು ಕೊಲೆ ಆಯಿತು ಅಂದುಕೊಳ್ಳಿ. ದರ ಲಕ್ಷಕ್ಕೆ ಒಂದೂವರೆ ಆಯಿತು. ದೇಶದ ಸರಾಸರಿಯ ಒಂದೂವರೆ ಪಟ್ಟು! ಮುಂದಿನ ವರ್ಷ ಏನೂ ಆಗಲಿಲ್ಲ, ದರ ಸೊನ್ನೆ. ಆಗ ಇದಕ್ಕಿಂತ ಶಾಂತ ಊರು ಇನ್ನೊಂದಿಲ್ಲ. ಎರಡೂ ವರ್ಷ ಅದೇ ಜನ, ಅದೇ ಸಂತೆ, ಅದೇ ಕುಡುಕರು.

ನಮ್ಮ ವಾರ್ಡಿನ ಗೋಡೆ ಮೇಲೆ ಒಂದು ಬೋರ್ಡಿದೆ. ಈ ತಿಂಗಳು ಎಷ್ಟು ರೋಗಿಗಳು ಜಾರಿ ಬಿದ್ದರು ಅಂತ ಅದರಲ್ಲಿ ಬರೆಯುತ್ತೇವೆ. ದೊಡ್ಡ ವಾರ್ಡಿನಲ್ಲಿ ಇಬ್ಬರು ಬಿದ್ದರೆ ಬಣ್ಣ ಬದಲಾಗುವುದಿಲ್ಲ. ಸಣ್ಣ ವಾರ್ಡಿನಲ್ಲಿ ಒಬ್ಬ ಅಜ್ಜ ಚಪ್ಪಲಿ ಹುಡುಕಲು ಹೋಗಿ ಬಿದ್ದರೆ ಇಡೀ ತಿಂಗಳು ಕೆಂಪು. ಸಣ್ಣ ಊರಿನ ಅಪರಾಧ ದರವೂ ಅಂಥದ್ದೇ.

ಭಾಗಿಸುವ ಸಂಖ್ಯೆಯಲ್ಲೂ ಒಂದು ತೊಡಕಿದೆ. ‘ಸಾವಿರ ಜನಕ್ಕೆ ಇಷ್ಟು ಅಪರಾಧ’ ಅನ್ನುವಾಗ ಆ ಸಾವಿರದಲ್ಲಿ ಯಾರಿದ್ದಾರೆ? ಅಲ್ಲಿಯೇ ವಾಸ ಇರುವವರು ಅಂತ ಲೆಕ್ಕಕ್ಕೆ ಸಿಕ್ಕವರು. ಬೆಳಿಗ್ಗೆ ಐದಕ್ಕೆ ಬಿಳಿ ವ್ಯಾನ್ ಹತ್ತಿ ಹೊಲಕ್ಕೆ ಹೋಗುವ, ನಾಲ್ಕು ತಿಂಗಳು ಇದ್ದು ಇನ್ನೊಂದು ಊರಿಗೆ ಹೋಗುವ ಹುಡುಗರು ಎಷ್ಟರ ಮಟ್ಟಿಗೆ ಅದರಲ್ಲಿ ಇರುತ್ತಾರೋ! ಅವರ ಜೇಬಿಗೆ ಕತ್ತರಿ ಬಿದ್ದರೆ ಮೇಲಿನ ಸಂಖ್ಯೆಗೆ ಒಂದು ಸೇರುತ್ತದೆ. ಕೆಳಗಿನ ಸಂಖ್ಯೆಯಲ್ಲಿ ಮಾತ್ರ ಅವರಿಲ್ಲ. ಪೇಟೆ ಮಧ್ಯದ ಕಥೆಯೂ ಇದೇ. ಅಂಗಡಿ, ಪಬ್ಬು, ಬಸ್ ನಿಲ್ದಾಣ ಎಲ್ಲ ಅಲ್ಲೇ, ಮನೆಗಳು ಕಡಿಮೆ. ಹತ್ತು ಊರಿನವರ ಜಗಳ ಆ ನಾಲ್ಕು ಬೀದಿಯವರ ತಲೆಗೆ ಕಟ್ಟಿದ ಹಾಗಾಗುತ್ತದೆ.

ಹುಡುಗಿ ನನಗೊಂದು ಸ್ಕ್ರೀನ್‌ಶಾಟ್ ಕೂಡ ಕಳಿಸಿದ್ದಳು. ಪೊಲೀಸ್ ಡಾಟ್ ಯುಕೆ ಅಂತ ಒಂದು ತಾಣವಿದೆ. 2011ರಿಂದ ಯಾವ ಬೀದಿಯಲ್ಲಿ ಯಾವ ತಿಂಗಳು ಏನಾಯಿತು ಅಂತ ನಕ್ಷೆಯ ಮೇಲೆ ಚುಕ್ಕೆ ಹಾಕಿ ತೋರಿಸುತ್ತಾರೆ. ನಾನೂ ಬರುವ ಮುಂಚೆ ಅರಸೀಕೆರೆಯಲ್ಲಿ ಕೂತು ಇದನ್ನೇ ನೋಡಿ ಬೆವತಿದ್ದೆ. ಕೆಲಸಕ್ಕೆ ಸೇರಬೇಕಾದ ಆಸ್ಪತ್ರೆಯ ಮೇಲೇ ಚುಕ್ಕೆ! ‘ಆಸ್ಪತ್ರೆ ಅಥವಾ ಅದರ ಹತ್ತಿರ’ ಅಂತ ಬರೆದಿತ್ತು.

ಆಮೇಲೆ ಗೊತ್ತಾಯಿತು. ಆ ಚುಕ್ಕೆಗಳು ಘಟನೆ ನಡೆದ ಜಾಗದಲ್ಲಿ ಇರುವುದಿಲ್ಲ. ಯಾರ ಮನೆ ಅಂತ ಗೊತ್ತಾಗಬಾರದು ಅಂತ ಮೊದಲೇ ಗುರುತು ಮಾಡಿಟ್ಟ ಹತ್ತಿರದ ಬಿಂದುವಿಗೆ ಅದನ್ನು ತಳ್ಳುತ್ತಾರೆ. ಒಂದು ಬಿಂದುವಿನ ಸುತ್ತ ಕನಿಷ್ಠ ಎಂಟು ವಿಳಾಸಗಳಾದರೂ ಇರಬೇಕು, ಇಲ್ಲವೇ ಒಂದೂ ಇರಬಾರದು. ಹಾಗಾಗಿ ‘ಸೂಪರ್ ಮಾರ್ಕೆಟ್ ಅಥವಾ ಅದರ ಹತ್ತಿರ’, ‘ವಾಹನ ನಿಲ್ಲಿಸುವ ಜಾಗ ಅಥವಾ ಅದರ ಹತ್ತಿರ’ ಅಂತ ಬರುತ್ತದೆ. ಇನ್ನೊಂದು, ಬಹಳಷ್ಟು ಊರುಗಳಲ್ಲಿ ಪಟ್ಟಿಯ ತುದಿಯಲ್ಲೇ ಕಾಣುವುದು ‘ಹಿಂಸೆ ಮತ್ತು ಲೈಂಗಿಕ ಅಪರಾಧ’ ಅನ್ನೋ ಸಾಲು. ಓದಿದರೆ ಎದೆ ಝಲ್ ಅನ್ನುತ್ತದೆ. ಒಳಗೆ ಅತ್ಯಾಚಾರವೂ ಇದೆ, ಗಾಯವೇ ಆಗದ ಒಂದು ತಳ್ಳಾಟವೂ ಇದೆ, ಹಳೆಯ ಗಂಡ ಫೋನಿನಲ್ಲಿ ಕಳಿಸಿದ ಕೆಟ್ಟ ಮೆಸೇಜೂ ಇದೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ಇದನ್ನು ಯಾಕೆ ಬಿಡಿಸಿ ತೋರಿಸುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ.

ಈ ಊರಲ್ಲಿ ಒಂದೇ ಸಲಕ್ಕೆ ಹೆಚ್ಚು ಜನ ಸತ್ತ ಇತ್ತೀಚಿನ ಘಟನೆ ಯಾವುದು ಅಂತ ಪಕ್ಕದ ಮನೆಯ ಲಿಥುವೇನಿಯಾದ ಆಂಟಿಯನ್ನು ಕೇಳಿ. ಅವರು ಚಾಕುವಿನ ಕಥೆ ಹೇಳುವುದಿಲ್ಲ. 2011ರ ಜುಲೈನಲ್ಲಿ ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಕಳ್ಳಭಟ್ಟಿ ಸ್ಫೋಟವಾಯಿತು. ವೋಡ್ಕಾ ಕಾಯಿಸುತ್ತಿದ್ದ ಐದು ಜನ ಸತ್ತರು. ಎಲ್ಲರೂ ಆಂಟಿಯ ದೇಶದವರೇ. ಆ ಐದು ಸಾವು ಯಾವ ಕೊಲೆ ಲೆಕ್ಕಕ್ಕೂ ಸೇರುವುದಿಲ್ಲ. ನನಗೆ ಈ ಕಥೆ ಕೇಳಿದಾಗ ನಮ್ಮ ಕಡೆಯ ಭಟ್ಟಿಗಳೇ ಕಣ್ಣ ಮುಂದೆ ಬಂದವು. ಇಂಗ್ಲೆಂಡಿನಲ್ಲೂ ಕಳ್ಳಭಟ್ಟಿ ಇರುತ್ತದೆ ಅಂತ ಅಲ್ಲಿ ಯಾರು ಹೇಳಿದ್ದರು?

ಲೆಕ್ಕ ಹೇಗೆ ಕುಣಿಯುತ್ತದೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡಲೇಬೇಕು, ನಮ್ಮ ವೃತ್ತಿಗೆ ಹತ್ತಿರದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೊಲೆಗಳ ಗ್ರಾಫ್ ನೋಡಿದರೆ 2002-03ರಲ್ಲಿ ಒಂದು ಗೋಪುರ ಎದ್ದು ನಿಂತಿದೆ. ಆ ವರ್ಷ ಕೊಲೆಗಾರರು ಹುಚ್ಚೆದ್ದಿರಲಿಲ್ಲ. ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಅನ್ನೋ ಸಣ್ಣ ಊರಿನಲ್ಲಿ ಹೆರಾಲ್ಡ್ ಶಿಪ್‌ಮನ್ ಅನ್ನೋ ಡಾಕ್ಟರ್ ವರ್ಷಗಟ್ಟಲೆ ತನ್ನ ರೋಗಿಗಳನ್ನೇ ಇಂಜೆಕ್ಷನ್ ಕೊಟ್ಟು ಕೊಂದಿದ್ದ. ತನಿಖೆಯಾದ ಮೇಲೆ ಅವುಗಳಲ್ಲಿ 172 ಕೊಲೆಗಳನ್ನು ಒಟ್ಟಿಗೆ ಆ ಒಂದೇ ವರ್ಷದ ಖಾತೆಗೆ ಹಾಕಿದರು. ಕೊಲೆ ನಡೆದ ವರ್ಷವಲ್ಲ, ಬರೆದುಕೊಂಡ ವರ್ಷ ಮುಖ್ಯ. ಅಂದರೆ ಅವನು ಕೊಲ್ಲುತ್ತಿದ್ದಷ್ಟು ಕಾಲ ಆ ಸಾವುಗಳು ಅಪರಾಧದ ಲೆಕ್ಕದಲ್ಲೇ ಇರಲಿಲ್ಲ. ಊರಿನ ಮುದುಕಿಯರು ‘ನಮ್ಮ ಡಾಕ್ಟರ್ ಬಹಳ ಒಳ್ಳೆಯವರು’ ಅಂತ ಅವನ ಹತ್ತಿರವೇ ಹೋಗುತ್ತಿದ್ದರು. ಬಾಗಿಲಿಗೆ ಎರಡು ಬೀಗ ಹಾಕಿ, ಅವನಿಗೆ ಮಾತ್ರ ತೆಗೆಯುತ್ತಿದ್ದರೇನೋ.

ಸರಿ, ನಮ್ಮ ಮನೆಯ ಅಪರಾಧಕ್ಕೆ ಬರುತ್ತೇನೆ.

ನಮ್ಮವರು ಬಂದ ಹೊಸದರಲ್ಲಿ ಅರವತ್ತು ಪೌಂಡ್ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತೆಗೆದುಕೊಂಡರು. ನೀಲಿ ಬಣ್ಣ. ಹಿಂದಿನ ಮಡ್‌ಗಾರ್ಡಿಗೆ ಊರಿಂದ ತಂದ ಆಂಜನೇಯನ ಸ್ಟಿಕ್ಕರ್ ಅಂಟಿಸಿದರು. ಚಪ್ಪಟೆ ಊರಾದ್ದರಿಂದ ಇಲ್ಲಿ ಸೈಕಲ್ ಅಂದರೆ ಕಾಲಿದ್ದ ಹಾಗೆ. ರಾತ್ರಿ ಎರಡಕ್ಕೆ ಬಸ್ಸೂ ಇಲ್ಲ. 2023ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಮನೆ ಮುಂದಿನ ಕಂಬಿಯಲ್ಲಿ ಕತ್ತರಿಸಿದ ಸರಪಳಿ ಮಾತ್ರ ನೇತಾಡುತ್ತಿತ್ತು.

ನಾವು ಪೊಲೀಸರಿಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳಿದರೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ. 101ಕ್ಕೆ ಫೋನ್ ಮಾಡಬಹುದಿತ್ತು, ಆನ್‌ಲೈನಿನಲ್ಲೂ ಕೊಡಬಹುದಿತ್ತು. ಯಾರೂ ತಡೆಯಲಿಲ್ಲ. ಅಮ್ಮನಿಗೆ ಹೇಳಿದಾಗ ಫೋನಿನಲ್ಲೇ ಗಾಬರಿಯಾದರು. “ಪರದೇಶದಲ್ಲಿ ಪೊಲೀಸು ಗಿಲೀಸು ಅಂತ ಹೋಗಬೇಡ್ರವ್ವ, ವೀಸಾಗೆ ಏನಾದ್ರೂ ಆದೀತು. ಅರವತ್ತು ಪೌಂಡ್ ತಾನೇ, ಪೀಡೆ ಹೋಯ್ತು ಅನ್ಕಳಿ.” ಕಳೆದುಕೊಂಡವರು ದೂರು ಕೊಟ್ಟರೆ ವೀಸಾಗೆ ಏನೂ ಆಗುವುದಿಲ್ಲ. ನನಗೂ ಗೊತ್ತಿತ್ತು. ಆದರೆ ಕೋರ್ಟು, ಠಾಣೆ ಮೆಟ್ಟಿಲು ಹತ್ತಬಾರದು ಅಂತ ಕೇಳಿಕೊಂಡು ಬೆಳೆದ ಕಾಲುಗಳು ನಮ್ಮವು. ಅಲ್ಲಿಗೇ ಬಿಟ್ಟೆವು.

ಹಾಗಾಗಿ ಆ ನವೆಂಬರಿನ ನಕ್ಷೆಯಲ್ಲಿ ನಮ್ಮ ಬೀದಿ ಸ್ವಚ್ಛ! ಸೈಕಲ್ ಕಳ್ಳತನದ ಚುಕ್ಕೆ ಇಲ್ಲ. ಅಕ್ಕಪಕ್ಕ ವಿಚಾರಿಸಿದೆ. ಎದುರು ಮನೆಯ ರೊಮೇನಿಯಾದ ಹುಡುಗನದ್ದು ಎರಡು ಸೈಕಲ್ ಹೋಗಿವೆ, ಅವನೂ ಹೇಳಿಲ್ಲ. ಮೂಲೆ ಮನೆಯ ಇಂಗ್ಲಿಷ್ ತಾತ ಮಾತ್ರ ಯಾರೋ ತಮ್ಮ ಹೂಕುಂಡ ಒದ್ದರು ಅಂತ ಆ ದಿನವೇ ದೂರು ಕೊಟ್ಟಿದ್ದಾರೆ. ಅದು ಚುಕ್ಕೆಯಾಗಿದೆ. ಪೊಲೀಸರ ಮೇಲೆ ನಂಬಿಕೆ ಇರುವ ಬೀದಿ ನಕ್ಷೆಯಲ್ಲಿ ಕೆಟ್ಟ ಬೀದಿಯಾಗಿ ಕಾಣುತ್ತದೆ, ಬಾಯಿ ಮುಚ್ಚಿಕೊಂಡಿರುವ ಬೀದಿ ಒಳ್ಳೆಯ ಬೀದಿ. ಇದನ್ನು ಹುಡುಗಿಯ ಅಪ್ಪ ಎರಡು ಸಲ ಓದಬೇಕು.

ಇದು ನಾನೊಬ್ಬಳೇ ಕಂಡುಹಿಡಿದ ವಿಷಯವಲ್ಲ. 2014ರಲ್ಲಿ ಇಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆಯೇ ಒಂದು ವರದಿ ಕೊಟ್ಟಿತು. ಜನ ಬಂದು ಹೇಳಿದ ಅಪರಾಧಗಳಲ್ಲೂ ಸುಮಾರು 19% ಪುಸ್ತಕಕ್ಕೇ ಹತ್ತಿರಲಿಲ್ಲ. ಹಿಂಸೆಯ ಪ್ರಕರಣಗಳಲ್ಲಂತೂ ಮೂರರಲ್ಲಿ ಒಂದು. ಅದೇ ವರ್ಷ ಪೊಲೀಸರ ಅಪರಾಧ ಅಂಕಿಗಳಿಗಿದ್ದ ‘ರಾಷ್ಟ್ರೀಯ ಅಂಕಿಅಂಶ’ ಅನ್ನೋ ನಂಬಿಕೆಯ ಮುದ್ರೆಯನ್ನೂ ವಾಪಸ್ ತೆಗೆದುಕೊಂಡರು. ಆಮೇಲೆ ಎಲ್ಲ ಕಡೆ ಸರಿಯಾಗಿ ಬರೆದುಕೊಳ್ಳಲು ಶುರು ಮಾಡಿದರು. ತಕ್ಷಣ ಹಿಂಸೆಯ ಅಂಕಿ ಮೇಲೇರಿತು. ಪತ್ರಿಕೆಯಲ್ಲಿ ಏನು ಬರುತ್ತದೆ? ‘ಹಿಂಸೆ ಏರಿಕೆ’!

ಅದಕ್ಕೇ ಇವರು ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದಾರೆ. 1982ರಿಂದ ಮನೆಗಳಿಗೇ ಹೋಗಿ ಕೇಳುವ ಸಮೀಕ್ಷೆ. ಹೋದ ಒಂದು ವರ್ಷದಲ್ಲಿ ನಿಮಗೆ ಏನೇನಾಯಿತು, ಪೊಲೀಸರಿಗೆ ಹೇಳಿದ್ದೀರೋ ಬಿಟ್ಟಿರೋ ಬೇಡ, ನಮಗೆ ಹೇಳಿ ಅಂತ ಕೇಳುತ್ತಾರೆ. ಆ ಲೆಕ್ಕದ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧ ತುತ್ತತುದಿ ಮುಟ್ಟಿದ್ದು 1995ರಲ್ಲಿ. ಕಳ್ಳತನ, ಹೊಡೆದಾಟ ಎರಡೂ ಆಗಿನಿಂದ ಬಹಳ ಇಳಿದಿವೆ. ಇದನ್ನು ಇಲ್ಲಿನ ಕ್ಯಾಂಟೀನಿನಲ್ಲಿ ಹೇಳಿ ನೋಡಿ, ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ತಮಾಷೆಯೂ ಕಾಣುತ್ತದೆ. ‘ನಿಮ್ಮ ಏರಿಯಾದಲ್ಲಿ ಅಪರಾಧ ಜಾಸ್ತಿಯಾಗಿದೆಯಾ’ ಅಂದರೆ ಹೌದು ಅನ್ನುವವರು ಕಡಿಮೆ. ‘ದೇಶದಲ್ಲಿ’ ಅಂದರೆ ಹೌದು ಅನ್ನುವವರು ಬಹಳ ಜಾಸ್ತಿ. ಕೆಟ್ಟದ್ದು ಯಾವಾಗಲೂ ಪಕ್ಕದೂರಲ್ಲೇ ಇರುತ್ತದೆ. ಅಂಗಡಿಯಲ್ಲಿ ಸಾಮಾನು ಎತ್ತಿಕೊಂಡು ಹೋಗುವುದು ಮಾತ್ರ ನಿಜವಾಗಿಯೂ ಏರಿದ ಹಾಗಿದೆ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 5 ಲಕ್ಷ 30 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾಗಿವೆ. ಬೆಣ್ಣೆ, ಚೀಸ್, ಮಾಂಸಕ್ಕೆಲ್ಲ ಮದುವೆ ಮನೆಯ ಒಡವೆಗೆ ಕಾವಲಿಟ್ಟ ಹಾಗೆ ಪ್ಲಾಸ್ಟಿಕ್ ಬೀಗ ಹಾಕಿಟ್ಟಿರುತ್ತಾರೆ, ನೋಡಿದರೆ ನಗು ಬರುತ್ತದೆ.

ಹುಡುಗಿಗೆ ನಾನು ನಿಜವಾಗಿ ಹೇಳಬೇಕಾದ ಅಪರಾಧ ನಕ್ಷೆಯಲ್ಲಿ ಇಲ್ಲವೇ ಇಲ್ಲ. ವಂಚನೆ. ಆ ಸಮೀಕ್ಷೆಯಲ್ಲಿ ಒಟ್ಟು ಅಪರಾಧದ ಸುಮಾರು 40% ಅದೇ. ಆದರೆ ಅದು ಊರಿನ ಠಾಣೆಯ ಬದಲು ದೇಶಕ್ಕೆಲ್ಲ ಒಂದೇ ಕಡೆ ದಾಖಲಾಗುತ್ತದೆ. ಹಾಗಾಗಿ ಬೀದಿಯ ಮೇಲೆ ಚುಕ್ಕೆ ಬೀಳುವುದಿಲ್ಲ. ನನ್ನ ಜೊತೆ ಬಂದ ಕೇರಳದ ನರ್ಸ್ ಒಬ್ಬಳು ವಿಮಾನ ಹತ್ತುವ ಮೊದಲೇ ಮೋಸ ಹೋದಳು. ಫೇಸ್‌ಬುಕ್‌ನಲ್ಲಿ ಮನೆಯ ಫೋಟೋ ನೋಡಿ, ಅಡ್ವಾನ್ಸ್ ಅಂತ 900 ಪೌಂಡ್ ಕಳಿಸಿದ್ದಾಳೆ. ಇಲ್ಲಿಗೆ ಬಂದು ಬಾಗಿಲು ತಟ್ಟಿದರೆ ಒಳಗೆ ಬೇರೆ ಸಂಸಾರ. ಅವರಿಗೆ ಏನೂ ಗೊತ್ತಿಲ್ಲ, ಪಾಪ ಟೀ ಮಾಡಿಕೊಟ್ಟರಂತೆ. ಮೊದಲ ಮೂರು ತಿಂಗಳ ಸಂಬಳ ಸಾಲಕ್ಕೇ ಹೋಯಿತು. ಆದ್ದರಿಂದ, ತಂಗೀ, ಚಾಕುವಿಗೆ ಹೆದರುವ ಮೊದಲು ಇದಕ್ಕೆ ಹೆದರು. ನಾನು ಹೋಗಿ ಮನೆ ನೋಡಿ ಬರುವವರೆಗೆ ಯಾರಿಗೂ ಒಂದು ಪೈಸೆ ಕಳಿಸಬೇಡ. ‘ವೀಸಾದಲ್ಲಿ ತೊಂದರೆ ಇದೆ, ಈಗಲೇ ದುಡ್ಡು ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡು.

ಹಾಗಾದರೆ ನನಗೆ ಭಯವೇ ಆಗುವುದಿಲ್ಲವಾ? ಆಗುತ್ತದೆ. ಆದರೆ ಅಪರಾಧ ದರ ನೋಡಿ ಆಗುವುದಿಲ್ಲ, ಬೆಳಕು ನೋಡಿ ಆಗುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ಬೆಳಿಗ್ಗೆ ಎಂಟರವರೆಗೂ ಕತ್ತಲು. ಅದೂ ಸಾಲದು ಅಂತ ಖರ್ಚು ಉಳಿಸಲು 2016ರಿಂದ ಈ ಕೌಂಟಿಯ, ಅಂದರೆ ಜಿಲ್ಲೆಯ, ಬಹಳಷ್ಟು ಬೀದಿದೀಪಗಳನ್ನು ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆರಿಸಿಬಿಡುತ್ತಾರೆ. ಸೈಕಲ್ ಹೋದ ಮೇಲೆ ನಮ್ಮವರು ಎರಡು ಗಂಟೆಗೆ ಟಾರ್ಚ್ ಹಿಡಿದು ನಡೆದು ಬರುತ್ತಿದ್ದರು. ನಲವತ್ತು ನಿಮಿಷ. ನಾನು ಹಾಸಿಗೆಯಲ್ಲಿ ಎದ್ದು ಕೂತು ಗೇಟಿನ ಸದ್ದಿಗೆ ಕಾಯುತ್ತಿದ್ದೆ. ಅರಸೀಕೆರೆಯಲ್ಲಿ ರಾತ್ರಿ ಎರಡಕ್ಕೆ ರೈಲಿಳಿದು ಒಬ್ಬಳೇ ಮನೆಗೆ ನಡೆದವಳು ನಾನು. ಜಂಕ್ಷನ್ ಅಲ್ವಾ, ಯಾವ ಹೊತ್ತಿಗೂ ಟೀ ಅಂಗಡಿ, ಆಟೋದವರು, ನಾಯಿಗಳು. ಅಲ್ಲಿ ಕಣ್ಣುಗಳಿವೆ. ಇಲ್ಲಿ ಎಲ್ಲ ಪರದೆ ಎಳೆದುಕೊಂಡು ಮಲಗಿರುತ್ತಾರೆ.

ಒಂದು ರಾತ್ರಿ ನೋಡಿದರೆ ಪಕ್ಕದ ಆಂಟಿಯ ಬಾಗಿಲ ದೀಪ ಒಂದೂಮುಕ್ಕಾಲಿಗೆ ಹತ್ತಿತು. ಮೂರಕ್ಕೆ ಆರಿತು. ಮರುದಿನವೂ ಅಷ್ಟೇ. ಕೇಳಿದರೆ ನಕ್ಕರು. ಅವರ ಗಂಡನೂ ಮೊದಲು ಅದೇ ಪಾಳಿಯಲ್ಲಿದ್ದವರಂತೆ. ಟೈಮರ್ ಹಾಕಿಟ್ಟಿದ್ದಾರೆ, ನಮ್ಮವರಿಗಾಗಿ. ನಾನು ಒಂದು ಡಬ್ಬಿ ಚಕ್ಕುಲಿ ಕೊಟ್ಟೆ. ಅವರಿಗೆ ಖಾರ ಹತ್ತಿತು, ಆದರೂ ಡಬ್ಬಿ ಖಾಲಿ ಮಾಡಿಯೇ ವಾಪಸ್ ಕೊಟ್ಟರು.

ಎರಡು ವಿಷಯ ಮಾತ್ರ ನಾನು ಯಾವ ಲೆಕ್ಕದಲ್ಲೂ ಸಣ್ಣದು ಮಾಡಲಾರೆ. 2022ರ ಜುಲೈ 28ರ ಸಂಜೆ ಪೇಟೆ ಮಧ್ಯದ ಫೌಂಟನ್ ಲೇನ್‌ನಲ್ಲಿ ಒಂಬತ್ತು ವರ್ಷದ ಮಗುವಿಗೆ ಚಾಕು ಹಾಕಿ ಕೊಂದರು. ಲಿಥುವೇನಿಯಾ ಕುಟುಂಬದ ಹುಡುಗಿ. ಹಗಲು ಬೆಳಕಿತ್ತು, ಜನರ ಓಡಾಟವಿತ್ತು. ಅಲ್ಲಿ ಹೂವು, ಗೊಂಬೆಗಳು ರಾಶಿ ಬಿದ್ದವು. ಎಷ್ಟೋ ದಿನ ಆ ದಾರಿ ಬಿಟ್ಟು ಸುತ್ತು ಹಾಕಿ ಹೋದೆ. ಲಕ್ಷಕ್ಕೆ ಒಂದೂವರೆ ಅಂತ ಮೇಲೆ ಬರೆದೆನಲ್ಲ, ಆ ಒಂದು ಅಂದರೆ ಇದು. ಪಕ್ಕದ ಆಂಟಿ ಆ ವಾರ ಕೆಲಸಕ್ಕೆ ಹೋಗಲಿಲ್ಲ.

ಇನ್ನೊಂದು 2024ರ ಆಗಸ್ಟ್. ಸೌತ್‌ಪೋರ್ಟ್ ಅನ್ನೋ ಇನ್ನೊಂದು ಸಣ್ಣ ಊರಿನಲ್ಲಿ ಜುಲೈ 29ರಂದು ಡಾನ್ಸ್ ಕ್ಲಾಸಿಗೆ ಬಂದಿದ್ದ ಮೂರು ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ಆಶ್ರಯ ಕೇಳಿ ದೋಣಿಯಲ್ಲಿ ಬಂದವನು ಅಂತ ಸುಳ್ಳು ಸುದ್ದಿ ಹಬ್ಬಿತು. ಊರೂರಲ್ಲಿ ಗಲಭೆ. ಸಂಡರ್‌ಲ್ಯಾಂಡ್‌ನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪ್ಪೀನ್ಸ್‌ನ ನರ್ಸುಗಳ ಮೇಲೆ ಕಲ್ಲು ಎಸೆದರು. ಲಂಡನ್ನಿನ ಭಾರತೀಯ ಹೈಕಮಿಷನ್ ಎಚ್ಚರಿಕೆಯ ಸೂಚನೆ ಹೊರಡಿಸಿತು. ಆ ವಾರ ನಾವು ಮೂವರು ಒಟ್ಟಿಗೇ ಮನೆಗೆ ನಡೆದೆವು, ಯೂನಿಫಾರ್ಮ್ ಮೇಲೆ ಕೋಟು ಹಾಕದೆ. ನರ್ಸ್ ಅಂತ ಕಾಣಲಿ ಅಂತ. ಹಾಗೆ ಯೋಚಿಸಿದ್ದಕ್ಕೆ ಆಮೇಲೆ ನನಗೇ ನಾಚಿಕೆಯಾಯಿತು. ನರ್ಸ್ ಅಲ್ಲದಿದ್ದರೆ ಹೊಡೆಯಬಹುದು ಅಂತಾನಾ? ನನಗೆ ಏನೂ ಆಗಲಿಲ್ಲ. ಒಂದು ಕಾರಿನಿಂದ ಯಾರೋ ಏನೋ ಕೂಗಿದರು ಅಷ್ಟೇ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ. ಅದೂ ಲೆಕ್ಕದಲ್ಲಿಲ್ಲ.

ನಗಬೇಕು ಅನ್ನಿಸಿದಾಗ ನಾನು ಇಲ್ಲಿನ ಗಿಲ್ಡ್‌ಹಾಲ್ ಅನ್ನೋ ಹಳೆಯ ಕಟ್ಟಡ ನೆನಪಿಸಿಕೊಳ್ಳುತ್ತೇನೆ. ಈಗ ಅದು ಮ್ಯೂಸಿಯಂ. ಒಳಗೆ ಹಳೆಯ ಸೆರೆಕೋಣೆಗಳಿವೆ. ಈ ಊರಿನ ಅತಿ ಪ್ರಸಿದ್ಧ ಕೈದಿಗಳು 1607ರವರು, ಮುಂದೆ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಗುಂಪಿನವರು. ಅವರ ಅಪರಾಧ ಏನು ಗೊತ್ತಾ? ಅಪ್ಪಣೆ ಇಲ್ಲದೆ ದೇಶ ಬಿಟ್ಟು ಹೋಗಲು ನೋಡಿದ್ದು. ಹಡಗಿನವನು ದುಡ್ಡು ತಗೊಂಡು ಹಿಡಿದುಕೊಟ್ಟ. ಏಜೆಂಟ್ ಮೋಸ ಆಗಲೂ ಇತ್ತು ಅನ್ನಿ.

ಸೈಕಲ್ ಕಥೆಗೆ ಒಂದು ಬಾಲ ಇದೆ. ಕಳೆದು ಏಳು ತಿಂಗಳಾದ ಮೇಲೆ ಶನಿವಾರದ ಸಂತೆಗೆ ಹೋಗಿದ್ದೆವು. ಬ್ಯಾಂಕಿನ ಪಕ್ಕದ ಕಂಬಕ್ಕೆ ನೀಲಿ ಸೈಕಲ್. ಮಡ್‌ಗಾರ್ಡಿನ ಮೇಲೆ ಅರ್ಧ ಕೆರೆದ ಆಂಜನೇಯ, ಗದೆ ಮಾತ್ರ ಉಳಿದಿತ್ತು. ಕಾಯುತ್ತಾ ನಿಂತೆವು. ಬಂದವನು ಹದಿನಾರು ಹದಿನೇಳರ ಹುಡುಗ, ಕೈಯಲ್ಲಿ ಆಲೂಗಡ್ಡೆ ಚೀಲ. ಯಾರ ಹತ್ತಿರ ಕೊಂಡಿದ್ದನೋ. ನಮ್ಮದು ಅನ್ನಲು ನಮ್ಮ ಹತ್ತಿರ ಏನಿತ್ತು? ದೂರಿನ ನಂಬರ್ ಇಲ್ಲ, ಚೌಕಟ್ಟಿನ ನಂಬರ್ ಬರೆದಿಟ್ಟಿರಲಿಲ್ಲ. ಗದೆ ನಮ್ಮದು ಅಂತ ಹೇಳಲು ಆಗುತ್ತದಾ? ಅವನು ಬೀಗ ತೆಗೆದು, ನಮ್ಮ ಕಡೆ ತಲೆ ಆಡಿಸಿ ಹೊರಟುಹೋದ. ನಮ್ಮವರು ಹೊಸದೊಂದು ತೆಗೆದುಕೊಂಡಾಗ ಮೊದಲ ದಿನವೇ ಪೆಡಲ್ ಕೆಳಗಿನ ನಂಬರಿನ ಫೋಟೋ ತೆಗೆದು, ಸೈಕಲ್‌ಗಳನ್ನು ನೋಂದಾಯಿಸುವ ಬೈಕ್‌ರಿಜಿಸ್ಟರ್ ತಾಣದಲ್ಲಿ ಸೇರಿಸಿದರು.

ಇಷ್ಟೆಲ್ಲ ಬರೆದು ನಿನ್ನೆ ರಾತ್ರಿ ಓದಿಕೊಂಡೆ. ಊರಿನವರು ದೂರು ಕೊಡುವುದಿಲ್ಲ ಅಂತ ನಾನೇ ದೂರುತ್ತಾ ಕೂತಿದ್ದೇನೆ ಅನ್ನಿಸಿತು. ಲ್ಯಾಪ್‌ಟಾಪ್ ತೆಗೆದೆ. ಹಳೆಯ ಕಳ್ಳತನವನ್ನೂ ಈಗ ಹೇಳಬಹುದು. ಸೈಕಲ್, ನೀಲಿ, ಅರವತ್ತು ಪೌಂಡ್. ‘ಗುರುತಿನ ಚಿಹ್ನೆ’ ಅನ್ನೋ ಜಾಗದಲ್ಲಿ ಆಂಜನೇಯನನ್ನು ಇಂಗ್ಲಿಷಿನಲ್ಲಿ ವಿವರಿಸಲು ಹತ್ತು ನಿಮಿಷ ಹಿಡಿಯಿತು. ಕಳಿಸಿದೆ.

ಇನ್ನು ಒಂದೆರಡು ತಿಂಗಳಲ್ಲಿ ನಕ್ಷೆಯಲ್ಲಿ ನಮ್ಮ ಬೀದಿ ಹತ್ತಿರ ಒಂದು ಚುಕ್ಕೆ ಬೀಳುತ್ತದೆ. ಆ ಹೊತ್ತಿಗೆ ಹುಡುಗಿಯ ವೀಸಾ ಬಂದಿರುತ್ತದೆ. ಮತ್ತೆ ಮೆಸೇಜ್ ಮಾಡುತ್ತಾಳೆ, ನನಗೆ ಗೊತ್ತು: “ಅಕ್ಕಾ, ನಿಮ್ಮ ಬೀದಿಯಲ್ಲೇ ಕಳ್ಳತನವಂತಲ್ಲಾ?”